ಗ್ಯಾರೇಜಿನೊಳಗೆ ಸಾಗಿಸುವಾಗ ಆರಡಿ ಲೇಥ್ ಒಂದು ಮಗ್ಗುಲಿಗೆ ವಾಲಿದೆ: ಮುಂದೇನು ಮಾಡಬೇಕು?

ಪ್ರಶ್ನೆ (ವಿಜಯಪುರ):

ಹಿರಿಯರಿಗೆ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದ ನಮ್ಮ ಕಾಕಾ ವಯಸ್ಸಾದ ಕಾರಣ ಅದನ್ನು ಮುಚ್ಚಿ, ತಮ್ಮ ಆರಡಿ ಲೇಥನ್ನು (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ನನಗೆ ಕೊಟ್ಟಿದ್ದಾರೆ. ತೂಕ ಸುಮಾರು 900 ಕಿಲೊ. ಹೈಡ್ರಾ ಕ್ರೇನ್ ಅದನ್ನು ಗ್ಯಾರೇಜಿನ ಬಾಗಿಲಲ್ಲಿ ಇಳಿಸಿತು. ಶಟರಿನ ಎತ್ತರ ಏಳೇ ಅಡಿಯಿರುವುದರಿಂದ ಒಳಗೆ ಬರಲಾಗಲಿಲ್ಲ. ಹಿಂದಿನ ಗೋಡೆಯವರೆಗೆ 12 ಅಡಿ ಸಾಗಬೇಕು. ನೆಲಕ್ಕೆ ಶಹಾಬಾದ ಕಲ್ಲು ಹಾಸಿದೆ.

ನಿನ್ನೆ ಒಂದಿಂಚಿನ ಪೈಪುಗಳನ್ನು ಅಡಿಗೆ ಕೊಟ್ಟು, ನಾಲ್ವರು ಹೆಡ್‌ಸ್ಟಾಕಿಗೆ (ಎಡತುದಿಯ ಗೇರುಪೆಟ್ಟಿಗೆಗೆ) ಕೈಕೊಟ್ಟು ಉದ್ದಕ್ಕೆ ತಳ್ಳಿದೆವು. ಮೂರಡಿ ಸರಿದ ಮೇಲೆ ಒಂದು ಕಲ್ಲು ಒಡೆದು, ಪೈಪು ಸಂದಿಗಿಳಿದು, ಯಂತ್ರ ಮುಂಭಾಗಕ್ಕೆ ಎರಡು ಬೆರಳಿನಷ್ಟು ವಾಲಿತು. ಎಲ್ಲರೂ ಹಿಡಿದುಕೊಂಡು, ಅಡಿಗೆ ಸಿಕ್ಕ ಕಟ್ಟಿಗೆ ಇಟ್ಟು ನಿಲ್ಲಿಸಿದ್ದೇವೆ. ಇನ್ನೂ ಕೆಲವರನ್ನು ಕರೆಸಿ ಎತ್ತಿಬಿಡಬಹುದೇ?

ಉತ್ತರ (ಬೆಳಗಾವಿ):

ಎತ್ತಬೇಡಿ, ತಮ್ಮಾ. ಮತ್ತೆ ವಾಲಿದರೆ ಹಿಡಿಯಲೂ ಹೋಗಬೇಡಿ. 900 ಕಿಲೊ ಎರಕದ ಕಬ್ಬಿಣ ಬೀಳತೊಡಗಿದರೆ ಹತ್ತು ಜನರಿಂದಲೂ ತಡೆಯಲಾಗದು; ಎಲ್ಲರೂ ಹಿಂದೆ ಸರಿಯಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಂಡಿರಬೇಕು. ಫಿಟರ್ ಆಗಿ ಎಷ್ಟೋ ಲೇಥ್ ಸಾಗಿಸಿರುವ ನನಗೆ ನಿಮ್ಮ ಪತ್ರದಲ್ಲಿ "ಎಲ್ಲರೂ ಹಿಡಿದುಕೊಂಡು" ಎಂಬ ಮಾತು ಓದಿ ನಿಜಕ್ಕೂ ಗಾಬರಿಯಾಯಿತು.

ಲೇಥ್ ಉದ್ದಕ್ಕೆ ಬೀಳುವುದಿಲ್ಲ, ಅಗಲಕ್ಕೆ ಬೀಳುತ್ತದೆ. ಅದರ ಕಾಲುಗಳ ಅಗಲ ಒಂದೂವರೆ ಅಡಿಯ ಆಸುಪಾಸು. ಹೆಡ್‌ಸ್ಟಾಕ್, ಗೇರುಗಳು, ಕಡೆಯುವ ತುಂಡನ್ನು ಹಿಡಿಯುವ ಚಕ್ ಇವೆಲ್ಲ ಸೊಂಟದ ಮೇಲಿವೆ, ಅದೂ ಒಂದೇ ತುದಿಯಲ್ಲಿ. ಇಂಥದನ್ನು ಮೇಲ್ಭಾಗದಲ್ಲಿ ಹಿಡಿದು ತಳ್ಳಿದಾಗ ಅಡಿಯ ಪೈಪು ಎಲ್ಲಿ ತಡೆದರೂ ಯಂತ್ರ ಸರಿಯುವ ಬದಲು ಮಗುಚಲು ನೋಡುತ್ತದೆ.

ಮೊದಲು ವಾಲಿದ ಬದಿಗೆ ಜಾಲಿಯ ಅಥವಾ ಸಾಗವಾನಿಯ ಚೌಕ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಭದ್ರಮಾಡಿ. ಬಲತುದಿಯ ಆಸರೆಯಾದ ಟೇಲ್‌ಸ್ಟಾಕ್ ಬಿಚ್ಚಿ ತೆಗೆಯಿರಿ, ಚಕ್ ಸಹ ಇಳಿಸಿ, ಸ್ಯಾಡಲನ್ನು (ಉಳಿ ಹೊತ್ತು ಜಾರುವ ಭಾಗ) ಬಲತುದಿಗೆ ಸರಿಸಿ ಬಿಗಿಮಾಡಿ. ಆಮೇಲೆ ಒಂದು ತುದಿಗೆ ಜ್ಯಾಕ್ ಕೊಟ್ಟು ಒಂದಿಂಚು ಎತ್ತಿ, ಕೂಡಲೇ ಅಡಿಗೆ ಕಟ್ಟಿಗೆ ತುಂಬಿ. ಇನ್ನೊಂದು ತುದಿಗೂ ಹಾಗೆಯೇ. ಜ್ಯಾಕ್ ಮತ್ತು ಎರಕದ ನಡುವೆ ಕಟ್ಟಿಗೆ ಇರಲೇಬೇಕು, ಏಕೆಂದರೆ ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಮುಂಭಾಗದ ಉದ್ದ ಸರಳುಗಳಾದ ಲೀಡ್‌ಸ್ಕ್ರೂ, ಫೀಡ್ ರಾಡ್‌ಗಳಿಗೆ, ಚೂರು ಬೀಳುವ ಚಿಪ್ ಟ್ರೇಗೆ ಜ್ಯಾಕಾಗಲಿ ಹಾರೆಯಾಗಲಿ ತಾಗಬಾರದು.

ಕಾಲುಗಳ ಬೋಲ್ಟ್ ತೂತುಗಳಿಗೆ ಮೂರಡಿ ಉದ್ದದ, ನಾಲ್ಕಿಂಚಿನ ಉಕ್ಕಿನ ಚಾನಲ್‌ಗಳನ್ನು (ತೋಡಿನಾಕಾರದ ತೊಲೆ) ಅಡ್ಡವಾಗಿ ಬಿಗಿದು, ಅವುಗಳ ಅಡಿಗೆ ಎರಡು ಉದ್ದ ಚಾನಲ್‌ಗಳನ್ನು ಬಂಡಿಯ ಚೌಕಟ್ಟಿನಂತೆ ವೆಲ್ಡ್ ಮಾಡಿಸಿ. ಒಂದೂವರೆ ಅಡಿಯ ಬುಡ ಮೂರಡಿಯಾದ ಮೇಲೆ ಸಣ್ಣ ಕುಲುಕಾಟಕ್ಕೆ ಯಂತ್ರ ಹೆದರುವುದಿಲ್ಲ. ಈ ಚೌಕಟ್ಟಿಗೆ ದುಡ್ಡು ಹಾಕಲು ಹಿಂಜರಿಯಬೇಡಿ. ಇಡೀ ಕೆಲಸದಲ್ಲಿ ನಿಮ್ಮನ್ನು ಕಾಯುವುದು ಅದೊಂದೇ.

ನೆಲದ ಮಾತು. ನಿಮ್ಮ ಊರಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಾಸುಗಲ್ಲಿನ ಅಡಿಯಲ್ಲಿ ಪೊಳ್ಳು ಬೀಳುವುದು ಸಹಜ. ಸುತ್ತಿಗೆಯ ಹಿಡಿಕೆಯಿಂದ ಪ್ರತಿಯೊಂದು ಕಲ್ಲನ್ನೂ ತಟ್ಟಿ ನೋಡಿ. ಡಬಡಬ ಎಂಬ ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಚಾನಲ್ ಸಾಗುವ ಎರಡೂ ಸಾಲಿನಲ್ಲಿ ಒಂದಡಿ ಅಗಲದ, 8 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಗಳನ್ನು ಹಾಸಿ. ನಾಲ್ಕಡಿಯ ಪಟ್ಟಿಯೊಂದು 23 ಕಿಲೊ ತೂಗುತ್ತದೆ, ಇಬ್ಬರು ಸುಲಭವಾಗಿ ಇಡಬಹುದು. ಮೇಲೆ ಒಂದೂಕಾಲು ಇಂಚಿನ ಸಿ ಕ್ಲಾಸ್ (ದಪ್ಪ ಗೋಡೆಯ) ಪೈಪು, ನಾಲ್ಕಡಿ ಉದ್ದದವು, ಐದಾರು ಸಾಕು; ಯಾವಾಗಲೂ ಮೂರು ಪೈಪಾದರೂ ಭಾರ ಹೊತ್ತಿರಲಿ. ತಳ್ಳುವುದು ಬೇಡ. ಚೌಕಟ್ಟಿನ ಬುಡಕ್ಕೆ ಚೈನ್ ಪುಲ್ಲಿ (ಸರಪಳಿಯಿಂದ ಭಾರ ಎಳೆಯುವ ಸಾಧನ) ಕಟ್ಟಿ ಎಳೆಯಿರಿ. ಇನ್ನೊಂದು ತುದಿಯನ್ನು ಆರ್‌ಸಿಸಿ ಕಂಬದ ಬುಡಕ್ಕೆ ಸುತ್ತಬೇಕೇ ಹೊರತು ಇಟ್ಟಿಗೆ ಗೋಡೆಯ ಕೊಂಡಿಗಲ್ಲ. ಪೈಪು ಓರೆಯಾದರೆ ಸುತ್ತಿಗೆಯಿಂದ ತಟ್ಟಿ ಸರಿಪಡಿಸಿ, ಕೈಯಿಂದಾಗಲಿ ಕಾಲಿನಿಂದಾಗಲಿ ಸರಿಸಬೇಡಿ.

ಪ್ರಶ್ನೆ ಕೇಳಿದವರಿಂದ:

ತಾವು ಹೇಳಿದಂತೆಯೇ ಮಾಡಿದೆವು. ಚೌಕಟ್ಟಿಗೆ ಎರಡು ದಿನ ಹಿಡಿಯಿತು, 9 ಅಡಿ ಸಾಗಿಸಲು ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಆದರೆ ಚೌಕಟ್ಟು ತೆಗೆದು, ಕಾಲುಗಳನ್ನು ನೇರ ಕಲ್ಲಿನ ಮೇಲಿಟ್ಟು ಓಡಿಸಿದಾಗ, ಚಕ್ಕಿನಲ್ಲಿ ಮಾತ್ರ ಹಿಡಿದು ಕಡೆದ 150 ಮಿಲಿಮೀಟರ್ ಉದ್ದದ ಸರಳಿನ ಎರಡು ತುದಿಗಳ ವ್ಯಾಸದಲ್ಲಿ 0.06 ಮಿಲಿಮೀಟರ್ ವ್ಯತ್ಯಾಸ ಬರುತ್ತಿದೆ. ಮೋಟಾರ್ ಸಹ ಉಲ್ಟಾ ತಿರುಗುತ್ತಿತ್ತು.

ಉತ್ತರ (ಬೆಳಗಾವಿ):

ವಿದ್ಯುತ್ತಿನ ಮೂರು ಫೇಸ್ ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿಸಿದರೆ ಮೋಟಾರ್ ಸರಿಯಾಗುತ್ತದೆ. ಚೂಡಿಯಿಂದ (ತಿರುಪಿನಿಂದ) ಕೂರುವ ಚಕ್ ಇದ್ದರೆ ಅದಾಗುವವರೆಗೆ ಓಡಿಸಲೇಬೇಡಿ, ಉಲ್ಟಾ ತಿರುಗಿದರೆ ಚಕ್ ಬಿಚ್ಚಿಕೊಳ್ಳಬಹುದು. ವ್ಯತ್ಯಾಸಕ್ಕೆ ಹೆಚ್ಚಾಗಿ ಬೆಡ್ (ಸ್ಯಾಡಲ್ ಜಾರುವ ಉದ್ದನೆಯ ಎರಕ) ತಿರುಚಿಕೊಂಡಿರುವುದೇ ಕಾರಣ: ನಾಲ್ಕರಲ್ಲಿ ಒಂದು ಮೂಲೆ ಕುಸಿದಿದೆ. ಕಾಲುಗಳಿರುವ ಕಡೆ ಕಲ್ಲು ತೆಗೆಸಿ, ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಸರಳು ಹಾಕಿದ ಕಾಂಕ್ರೀಟ್ ಹಾಕಿಸಿ. 28 ದಿನ ಬಿಟ್ಟು, ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಲೆವೆಲ್ಲನ್ನು ಬೆಡ್ಡಿನ ಎರಡೂ ತುದಿಗಳಲ್ಲಿ ಅಡ್ಡವಿಟ್ಟು, ಎರಡೂ ಕಡೆ ಗುಳ್ಳೆ ಒಂದೇ ಗೆರೆಗೆ ನಿಲ್ಲುವವರೆಗೆ ಕಾಲಿನಡಿ ತೆಳುತಗಡು ಸೇರಿಸುತ್ತಾ ಹೋಗಿ. ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಿ.

ಪ್ರಶ್ನೆ ಕೇಳಿದವರಿಂದ:

ಕಾಂಕ್ರೀಟ್ ಮಾಗಿದ ಮೇಲೆ ಲೆವೆಲ್ ಮಾಡಿದೆವು. ಹೆಡ್‌ಸ್ಟಾಕಿನ ಮುಂಗಾಲೇ ತಗ್ಗಿತ್ತು. ಈಗ ಅದೇ ಸರಳಿನಲ್ಲಿ ವ್ಯತ್ಯಾಸ 0.01 ಮಿಲಿಮೀಟರ್. ಕಾಕಾ ತಾವೇ ಬಂದು ಮೊದಲ ಕಟಿಂಗ್ ತೆಗೆದರು.