ಗಿಂಪ್‌ನಲ್ಲಿ ಬಟನ್ ಮಾಡಿದೆ, ಹಪ್ಪಳದ ಒತ್ತು ಅರ್ಧ ಮಾಯ

ತೀರ್ಥಹಳ್ಳಿ ಸೊಸೆ

ನಮಸ್ಕಾರ. ನಮ್ಮತ್ತೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಜೇನು ಮಾವನ ಲೆಕ್ಕ. ಇಲ್ಲಿವರೆಗೆ ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತಿತ್ತು. ಮಳೆ ಹಿಡಿದ ಮೇಲೆ ಹಪ್ಪಳ ಕೇಳುವವರು ಜಾಸ್ತಿ. ಒಬ್ಬೊಬ್ಬರಿಗೂ ಫೋಟೊ, ರೇಟು ಕಳಿಸಿ ಸಾಕಾಗಿ ಒಂದು ವೆಬ್ ಪುಟ ಮಾಡಲು ಕೂತಿದ್ದೇನೆ. ದುಡ್ಡು ಕೊಡದೆ ಪುಟ ಕಟ್ಟಿಕೊಳ್ಳುವ ಒಂದು ಸೈಟ್ ಸಿಕ್ಕಿದೆ. ಅದರಲ್ಲಿ ಬಟನ್ ಅಂತ ಬೇರೆ ಇಲ್ಲ. ಚಿತ್ರ ಹಾಕಬಹುದು, ಚಿತ್ರಕ್ಕೆ ಲಿಂಕ್ ಕೊಡಬಹುದು, ಅಷ್ಟೇ.

ಸರಿ, ಗಿಂಪ್ ಅನ್ನುವ ಚಿತ್ರ ಮಾಡುವ ಸಾಫ್ಟ್‌ವೇರ್ ಇಳಿಸಿಕೊಂಡು ನಾನೇ ಬಟನ್ ಮಾಡಿದೆ. ಅರಿಶಿನ ಬಣ್ಣ, ಅದರ ಮೇಲೆ ಬಿಳಿ ಅಕ್ಷರ, ಮೂಲೆ ಗುಂಡಗೆ. ಗಿಂಪ್‌ನಲ್ಲಿ ಚೆಂದ ಕಂಡಿತು. ಪುಟಕ್ಕೆ ಹಾಕಿದ ಕೂಡಲೇ ನಾಲ್ಕೂ ಮೂಲೆಯಲ್ಲಿ ಬಿಳಿ ಚೂರು. ನಮ್ಮ ಪುಟದ ಹಿನ್ನೆಲೆ ಹಸಿರು, ಹಾಗಾಗಿ ಎದ್ದು ಕಾಣುತ್ತದೆ. ‘ಜೇನು’ ಸರಿಯಾಗಿ ಬಂತು. ‘ಹಪ್ಪಳ’ದಲ್ಲಿ ಪ ಒತ್ತಿನ ಕೆಳಗಿನ ಅರ್ಧ ಇಲ್ಲ. ‘ಅಪ್ಪೆಮಿಡಿ’ಯದೂ ಅದೇ ಕಥೆ. ಇನ್ನು ಬಾಟಲಿ ಲೇಬಲ್‌ಗೆ ಅಂತ ಪೇಟೆಯಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ ಫೈಲ್ ಒಂದಿತ್ತು. ಅದರಿಂದ ಕಾಪಿ ಮಾಡಿದರೆ ಯಾವುದೋ ಲೋಕದ ಅಕ್ಷರ ಬರುತ್ತದೆ. ಅತ್ತೆಗೆ ತೋರಿಸಿದೆ. ‘ಎಂತದೂ ಓದಕ್ಕೇ ಆಗದಿಲ್ಲ ಮಾರಾಯ್ತಿ’ ಅಂದರು. ಕನ್ನಡಕ ಹಾಕಿಕೊಂಡೇ ನೋಡಿದ್ದು.

ಎಲ್ಲಿ ತಪ್ಪಿದೆ ಹೇಳುತ್ತೀರಾ? ಇಲ್ಲಿ ಕರೆಂಟ್ ಬಂದಾಗ ಮಾತ್ರ ಕಂಪ್ಯೂಟರ್. ತಿರುಗಿ ಬರೆಯುವುದು ತಡವಾದರೆ ಬೇಜಾರಾಗಬೇಡಿ.

ಹಳೇ ಡಿಟಿಪಿ

ತಂಗಿ, ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹದಿನೆಂಟು ವರ್ಷ ಮದುವೆ ಕಾಗದ ಟೈಪ್ ಮಾಡಿದವನು. ಒತ್ತು ಕತ್ತರಿಸಿಕೊಂಡು ಹೋಗಿ ಬೈಸಿಕೊಂಡಿದ್ದೂ ಉಂಟು. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ನೀವು ಟೆಕ್ಸ್ಟ್ ಟೂಲ್ ತೆಗೆದುಕೊಂಡು ಮೌಸ್ ಎಳೆದು ಚೌಕ ಬರೆದು, ಅದರೊಳಗೆ ಟೈಪ್ ಮಾಡಿದ್ದೀರಿ. ಅಲ್ವಾ? ಹಾಗೆ ಎಳೆದರೆ ಚೌಕದ ಅಳತೆ ಅಲ್ಲಿಗೇ ನಿಲ್ಲುತ್ತದೆ. ಅದರಿಂದ ಹೊರಗೆ ಹೋದದ್ದನ್ನು ಗಿಂಪ್ ತೋರಿಸುವುದಿಲ್ಲ. ಎಳೆಯಬೇಡಿ, ಸುಮ್ನೆ ಒಂದು ಸಲ ಕ್ಲಿಕ್ ಮಾಡಿ ಟೈಪ್ ಮಾಡಿ. ಆಗ ಅಕ್ಷರ ಬೆಳೆದ ಹಾಗೆ ಚೌಕವೂ ಬೆಳೆಯುತ್ತದೆ. ಇಂಗ್ಲಿಷ್‌ನವರ ಪಾಠ ನೋಡಿ ಬಟನ್ ಮಾಡಿದರೆ ನಮಗೆ ಕೆಳಗೆ ಜಾಗ ಸಾಲುವುದೇ ಇಲ್ಲ. ಅವರಿಗೆ ಒತ್ತಕ್ಷರದ ಗೋಳಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮೊದಲು ‘ಜೇನು’ ಬಟನ್ ಮಾಡಬೇಡಿ. ‘ಹಪ್ಪಳ’ ಮಾಡಿ. ಯಾವ ಪದ ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೋ ಅದರ ಅಳತೆಗೆ ಬಟನ್ ಹೊಲಿಯಬೇಕು. ಅಗಲಕ್ಕೆ ‘ಉಪ್ಪಿನಕಾಯಿ’ ನೋಡಿಕೊಳ್ಳಿ. ಆಮೇಲೆ ಅದೇ ಫೈಲ್‌ನಲ್ಲಿ ಪದ ಮಾತ್ರ ಅಳಿಸಿ ಇನ್ನೊಂದು ಬರೆಯಿರಿ. ಮೂವ್ ಟೂಲ್ ತೆಗೆದುಕೊಂಡು ಬಾಣದ ಕೀಲಿಯಿಂದ ಎಡಕ್ಕೆ, ಬಲಕ್ಕೆ ಸರಿಸಿ. ಮೇಲೆ ಕೆಳಗೆ ಮಾತ್ರ ಮುಟ್ಟಬೇಡಿ. ಒಂದೊಂದು ಪದವನ್ನೂ ಕಣ್ಣಳತೆಯಲ್ಲಿ ನಟ್ಟನಡುವೆ ಕೂರಿಸಿದರೆ ಒತ್ತಿರುವ ಪದ ಮೇಲೆ ಹೋಗುತ್ತದೆ, ಒತ್ತಿಲ್ಲದ್ದು ಕೆಳಗೆ ಉಳಿಯುತ್ತದೆ. ಮೂರೂ ಬಟನ್ ಪಕ್ಕಪಕ್ಕ ಇಟ್ಟಾಗ ಸೊಟ್ಟ ಹಲ್ಲಿನ ಹಾಗೆ ಕಾಣುತ್ತದೆ.

ಬಿಳಿ ಮೂಲೆಗೆ ಕಾರಣ ಜೆಪೆಗ್ ಅನ್ನುವ ಚಿತ್ರದ ಫೈಲ್ ಬಗೆ. ಅದಕ್ಕೆ ಪಾರದರ್ಶಕ ಅನ್ನುವುದೇ ಗೊತ್ತಿಲ್ಲ, ಖಾಲಿ ಇರುವ ಕಡೆ ಬಣ್ಣ ತುಂಬಿಯೇ ಕೊಡುತ್ತದೆ. ಜೊತೆಗೆ ಅಕ್ಷರದ ಅಂಚಿನಲ್ಲಿ ಕೊಳೆ ಹಿಡಿದ ಹಾಗೆ ಮಾಡುತ್ತದೆ. ಫೋಟೊಗೆ ಅದು ಸರಿ, ಬಟನ್‌ಗೆ ಖಾಲಿ ಜಾಗವನ್ನು ಖಾಲಿಯಾಗೇ ಉಳಿಸುವ ಪಿಎನ್‌ಜಿಯೇ ಸರಿ. ಫೈಲ್, ನ್ಯೂ ಒತ್ತಿ 360 ಅಗಲ, 112 ಎತ್ತರ ಕೊಡಿ. ಅಲ್ಲೇ ಅಡ್ವಾನ್ಸ್ಡ್ ಆಪ್ಷನ್ಸ್ ಬಿಡಿಸಿದರೆ ‘ಫಿಲ್ ವಿತ್’ ಇರುತ್ತದೆ, ಅದರಲ್ಲಿ ಟ್ರಾನ್ಸ್‌ಪರೆನ್ಸಿ ಆರಿಸಿ. ಬೂದು ಚೌಕಳಿ ಕಂಡರೆ ಖಾಲಿ ಅಂತ ಅರ್ಥ. ಆಯತ ಸೆಲೆಕ್ಟ್ ಮಾಡುವ ಟೂಲ್‌ನ ಆಯ್ಕೆಗಳಲ್ಲಿ ‘ರೌಂಡೆಡ್ ಕಾರ್ನರ್ಸ್’ಗೆ ಟಿಕ್ ಹಾಕಿ ರೇಡಿಯಸ್ 24 ಇಡಿ. ಬಕೆಟ್‌ನಿಂದ ಬಣ್ಣ ತುಂಬಿ. ಅಕ್ಷರ ಬೇರೆ ಲೇಯರ್‌ನಲ್ಲಿ, ಅಂದರೆ ಮೇಲಿನ ಇನ್ನೊಂದು ಪದರದಲ್ಲಿ, ತಾನಾಗೇ ಕೂರುತ್ತದೆ.

ಪುಟದಲ್ಲಿ ತೋರಿಸುವಾಗ ಅಗಲ 180 ಅಂತ ಕೊಡಿ. ಎರಡು ಪಟ್ಟು ಯಾಕೆ ಅಂದರೆ ಈಗಿನ ಫೋನ್ ಪರದೆಯಲ್ಲಿ ಅಷ್ಟಕ್ಕಷ್ಟೇ ಮಾಡಿದ ಚಿತ್ರ ಮಂಜು ಮಂಜು.

ಬಣ್ಣದ ವಿಷಯ ನಿಮ್ಮತ್ತೆ ಹೇಳಿದ್ದೇ ಸರಿ. ಅರಿಶಿನದ ಮೇಲೆ ಬಿಳಿ ಅಕ್ಷರ ಆಗುಂಬೆ ಮಂಜಿನಲ್ಲಿ ಬಿಳಿ ಪಂಚೆ ಹುಡುಕಿದ ಹಾಗೆ. ಕೆಂಪಡಿಕೆ ಬಣ್ಣ ಹಾಕಿ. ಕೆಂಪು 122, ಹಸಿರು 46, ನೀಲಿ 29 ಕೊಟ್ಟರೆ ಹತ್ತಿರ ಬರುತ್ತದೆ.

ನುಡಿಯದು ಹಳೇ ರೋಗ. ಆ ಹಳೇ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ವೇಷ ಅಷ್ಟೇ. ಫಾಂಟ್ ಬದಲಾದ ಕೂಡಲೇ ವೇಷ ಕಳಚುತ್ತದೆ. ನಿಮ್ಮದು ನಾಲ್ಕು ಪದ, ಯೂನಿಕೋಡ್‌ನಲ್ಲಿ, ಅಂದರೆ ಒಳಗೂ ಕನ್ನಡವೇ ಇರುವ ಈಗಿನ ಸಂಕೇತದಲ್ಲಿ, ಹೊಸದಾಗಿ ಟೈಪ್ ಮಾಡಿಬಿಡಿ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿ. ಬಾಲೂ ತಮ್ಮ ದಪ್ಪಗಿದೆ, ಹಪ್ಪಳಕ್ಕೆ ಒಪ್ಪುತ್ತದೆ.

ತಾಳಗುಪ್ಪ ಪ್ಯಾಸೆಂಜರ್

ಡಿಟಿಪಿ ಅಣ್ಣ ಹೇಳಿದ್ದೆಲ್ಲ ಒಪ್ಪಿದೆ. ಆದರೂ ಒಂದು ತಕರಾರು. ನಾನು ಬೆಂಗಳೂರಲ್ಲಿ ವೆಬ್ ಪುಟದ ಕೆಲಸ ಮಾಡುವವನು, ಊರು ಸಾಗರ. ಬಟನ್‌ಗೆ ಚಿತ್ರ ಯಾಕೆ ಬೇಕು? ಪುಟದ ರೂಪ, ಬಣ್ಣ ಹೇಳುವ ಸಿಎಸ್‌ಎಸ್ ಕೋಡ್‌ನಲ್ಲಿ ಬಾರ್ಡರ್-ರೇಡಿಯಸ್, ಪ್ಯಾಡಿಂಗ್, ಬ್ಯಾಕ್‌ಗ್ರೌಂಡ್ ಮೂರು ಸಾಲು ಬರೆದರೆ ಮುಗಿಯಿತು. ಅಕ್ಷರ ಅಕ್ಷರವಾಗಿಯೇ ಇರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ, ಗೂಗಲ್‌ಗೂ ಸಿಗುತ್ತದೆ. ರೇಟು ಬದಲಾದರೆ ಗಿಂಪ್ ತೆರೆಯುವ ಕೆಲಸವೂ ಇಲ್ಲ.

ನಿಮ್ಮ ಸೈಟ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ಬೇರೆ ಮಾತು. ಆಗ ಚಿತ್ರದ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲಿಗೆ ಬರೆದಿಡುವ ಪದ, ಖಾಲಿ ಬಿಡಬೇಡಿ. ಕಣ್ಣು ಕಾಣದವರ ಫೋನ್ ಅದನ್ನೇ ಓದಿ ಹೇಳುವುದು. ನೆಟ್ ನಿಧಾನವಾಗಿ ಚಿತ್ರ ಬರದಿದ್ದರೂ ಆ ಪದ ಕಾಣುತ್ತದೆ. ನಮ್ಮೂರಲ್ಲಿ ಅದು ದಿನಾ ಆಗುವುದೇ ತಾನೆ. ಇನ್ನು ಎತ್ತರ. ವೆಬ್ ಪುಟ ಎಲ್ಲರಿಗೂ ಬಳಸಲು ಆಗಬೇಕು ಅಂತ ಮಾಡಿದ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯಲ್ಲಿ ಬೆರಳಿನಿಂದ ಒತ್ತುವ ಜಾಗ 44 ಪಿಕ್ಸೆಲ್‌ಗಿಂತ ಕಡಿಮೆ ಬೇಡ ಅಂತ ಒಂದು ಅಳತೆ ಕೊಟ್ಟಿದ್ದಾರೆ. ಅಣ್ಣನ ಲೆಕ್ಕದಲ್ಲಿ 112ರ ಅರ್ಧ, 56 ಬರುತ್ತದೆ, ಸಾಕು.

ತೀರ್ಥಹಳ್ಳಿ ಸೊಸೆ

ಎರಡು ದಿನ ಕರೆಂಟೇ ಇರಲಿಲ್ಲ. ಈಗ ಮಾಡಿ ನೋಡಿದೆ. ಒತ್ತು ಪೂರ್ತಿ ಬಂತು! ಎಳೆದು ಚೌಕ ಬರೆದದ್ದು ಹೌದು, ನಿಮಗೆ ಹೇಗೆ ಗೊತ್ತಾಯಿತೋ ಅಣ್ಣಾ. ಬಿಳಿ ಮೂಲೆಯೂ ಹೋಯಿತು. ಸಿಎಸ್‌ಎಸ್ ಬರೆಯಲು ಈ ಸೈಟ್‌ನಲ್ಲಿ ಬಿಡುವುದಿಲ್ಲ, ಅದಕ್ಕೆ ದುಡ್ಡು ಕೇಳುತ್ತದೆ. ಆಲ್ಟ್ ಹಾಕಿದ್ದೇನೆ.

ಒಂದು ಎಡವಟ್ಟು ಮಾಡಿಕೊಂಡೆ. ಹಪ್ಪಳದ ಪಿಎನ್‌ಜಿ ತೆರೆದು ಪದ ಬದಲಿಸಲು ಹೋದೆ, ಆಗಲೇ ಇಲ್ಲ. ಎಲ್ಲ ಒಂದೇ ಚಿತ್ರವಾಗಿ ಅಂಟಿಕೊಂಡಿದೆ.

ಇನ್ನೊಂದು ಪ್ರಶ್ನೆ. ಕೊನೆಯ ಬಟನ್‌ಗೆ ‘ಖರೀದಿಸಿ’ ಅಂತ ಬರೆದಿದ್ದೆ. ಅತ್ತೆ ನೋಡಿ ‘ಅದೆಂತಾ ಖರೀದಿಸಿ? ನಮ್ಮತ್ರ ಹಾಗೆ ಯಾರು ಮಾತಾಡ್ತಾರೆ? ಫೋನ್ ಮಾಡಿದವರೆಲ್ಲ ಎರಡು ಬಾಟ್ಲಿ ಬೇಕಿತ್ತು ಅಂತಾರಪ್ಪ’ ಅಂದರು. ‘ಬೇಕು’ ಅಂತ ಮಾತ್ರ ಹಾಕಿದರೆ ನಗೆಪಾಟಲಾಗುತ್ತದಾ?

ಹಳೇ ಡಿಟಿಪಿ

ಪಿಎನ್‌ಜಿ ಅಂದರೆ ಕರಿದ ಹಪ್ಪಳ, ತಿರುಗಿ ಹಿಟ್ಟು ಮಾಡಲಿಕ್ಕಾಗುವುದಿಲ್ಲ. ಕಂಟ್ರೋಲ್ ಎಸ್ ಒತ್ತಿದರೆ ಎಕ್ಸ್‌ಸಿಎಫ್ ಫೈಲ್ ಆಗಿ ಉಳಿಯುತ್ತದೆ, ಲೇಯರ್ ಎಲ್ಲ ಅದರಲ್ಲಿ ಬೇರೆ ಬೇರೆಯಾಗಿಯೇ ಇರುತ್ತವೆ. ಪುಟಕ್ಕೆ ಬೇಕಾದದ್ದನ್ನು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ತೆಗೆಯಬೇಕು. 2012ರಲ್ಲಿ ಬಂದ 2.8 ಆವೃತ್ತಿಯಿಂದ ಗಿಂಪ್ ಇವೆರಡನ್ನೂ ಬೇರೆ ಮಾಡಿದೆ. ಆಗ ನಾನೂ ಬೈದಿದ್ದೆ. ಫೈಲ್ ಹೆಸರು ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ ಇಡಿ.

‘ಬೇಕು’ ಚೆನ್ನಾಗಿದೆ, ಅದನ್ನೇ ಹಾಕಿ. ಒತ್ತಿಲ್ಲ ಅಂತ ಕೆಳಗೆ ಇಳಿಸಲು ಹೋಗಬೇಡಿ ಮತ್ತೆ. ಪುಟ ತಯಾರಾದ ಮೇಲೆ ಇಲ್ಲಿ ತಿಳಿಸಿ, ನನಗೆ ಅರ್ಧ ಕೆಜಿ ಅಪ್ಪೆಮಿಡಿ ಬೇಕು.