ಮಾಕ್ ಹಾಕಿದರೂ ನಲ್ ಪಾಯಿಂಟರ್ ಯಾಕೆ?

ಪ್ರಶ್ನೆ (ಸಾಗರದಿಂದ): ಸರ್, ಅಡಿಕೆ ಮಂಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಜಾವಾ ಭಾಷೆ, ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್. ಬಿಲ್ ಕ್ಲಾಸ್‌ನಲ್ಲಿ ದರ ತರುವುದು, ಚೀಲದ ತೂಕ ಕಳೆದು ಲೆಕ್ಕ ಹಾಕುವುದು, ರೈತರಿಗೆ ಎಸ್‌ಎಂಎಸ್ ಕಳಿಸುವುದು ಹೀಗೆ ಏಳು ಫೀಲ್ಡ್‌ಗಳಿವೆ, ಎಲ್ಲಕ್ಕೂ ಆಟೋವೈರ್ಡ್ (ಬೇಕಾದ್ದನ್ನು ಸ್ಪ್ರಿಂಗ್ ತಾನೇ ತುಂಬಲಿ ಎಂಬ ಗುರುತು) ಹಾಕಿದ್ದೇವೆ. ಟೆಸ್ಟ್‌ನಲ್ಲಿ ಮೊಕಿಟೋ ಲೈಬ್ರರಿಯಿಂದ ಎಲ್ಲವನ್ನೂ ಮಾಕ್ ಮಾಡಿ (ನಿಜವಾದದ್ದರ ಬದಲು ನಕಲಿ ಇಟ್ಟು), ಬಿಲ್ ಕ್ಲಾಸನ್ನು ನಾನೇ ನ್ಯೂ ಮಾಡಿದರೆ (ಕೋಡ್‌ನಲ್ಲಿ ನೇರವಾಗಿ ಸೃಷ್ಟಿಸಿದರೆ) ನಲ್ ಪಾಯಿಂಟರ್, ಅಂದರೆ ಖಾಲಿ ಇರುವುದನ್ನು ಬಳಸಿದ ದೋಷ, ಬರುತ್ತದೆ.

ಉತ್ತರ: ನೀವೇ ನ್ಯೂ ಮಾಡಿದ ಮೇಲೆ ಸ್ಪ್ರಿಂಗ್‌ಗೆ ಅದರ ಸುದ್ದಿಯೇ ಇಲ್ಲ, ಹಾಗಾಗಿ ಆಟೋವೈರ್ಡ್ ಫೀಲ್ಡ್‌ಗಳು ಖಾಲಿ ಉಳಿದಿವೆ. ಮಾಕ್ ಮಾಡಿದ್ದೀರಿ ಸರಿ, ಆದರೆ ಅದನ್ನು ಒಳಗೆ ಕೊಟ್ಟಿಲ್ಲ ಅಲ್ವಾ? ಮಾಕ್‌ಗಳನ್ನು ಒಳಗೆ ತುಂಬಿಕೊಡುವ ಮೊಕಿಟೋದ ಇನ್‌ಜೆಕ್ಟ್‌ಮಾಕ್ಸ್ ಹಾಕಿದರೆ ಸದ್ಯಕ್ಕೆ ನಡೆಯುತ್ತದೆ. ಆದರೆ ಯಾವುದಾದರೂ ಫೀಲ್ಡ್‌ಗೆ ಮಾಕ್ ಸಿಗದಿದ್ದರೆ ಅದು ಏನೂ ಹೇಳದೆ ಸುಮ್ನೆ ಬಿಟ್ಟುಬಿಡುತ್ತದೆ, ನೀವು ಮತ್ತೆ ಇದೇ ನಲ್ ಹುಡುಕುತ್ತಾ ಕೂರಬೇಕು. ನ್ಯೂ ಮಾಡುವಾಗ ಓಡುವ ಕನ್‌ಸ್ಟ್ರಕ್ಟರ್ ಬರೆಯಿರಿ, ಬೇಕಾದ್ದನ್ನೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಿ. ಒಂದು ಕೊಡಲು ಮರೆತರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಆಟೋವೈರ್ಡ್ ಬರೆಯುವುದೂ ಬೇಡ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೆಕ್ಕದ ಕ್ಲಾಸನ್ನು ಯಾಕೆ ಮಾಕ್ ಮಾಡಿದ್ದೀರಿ? ಅದು ನೆಟ್‌ವರ್ಕ್ ಮುಟ್ಟುವುದಿಲ್ಲ, ಡೇಟಾಬೇಸ್ ಮುಟ್ಟುವುದಿಲ್ಲ, ತಪ್ಪಿದರೆ ರೈತರ ದುಡ್ಡು ಹೋಗುವುದು ಅಲ್ಲೇ. ಅದನ್ನು ನಿಜವಾದದ್ದೇ ಇಡಿ, ಮಾಕ್ ಏನಿದ್ದರೂ ಹೊರಗಿನ ದರಕ್ಕೆ, ಎಸ್‌ಎಂಎಸ್‌ಗೆ. ರಾಶಿ ಅಡಿಕೆಗೆ ಕ್ವಿಂಟಲ್‌ಗೆ 50,000 ಅಂತ ಮಾಕ್ ಹೇಳಲಿ, ಚೀಲ ಕಳೆದು 240 ಕೆಜಿ ಇರಲಿ, ಬಿಲ್ 1,20,000 ಬಂತಾ ನೋಡಿ. ಲೆಕ್ಕವೂ ಮಾಕ್ ಆದರೆ ನೀವೇ ಬರೆದ ಉತ್ತರವನ್ನು ನೀವೇ ಓದಿಕೊಂಡ ಹಾಗೆ.

ಪ್ರಶ್ನೆ (ಸಾಗರದಿಂದ): ಬದಲಿಸಿದೆ ಸರ್. ಈಗ ಮಾಕ್ ಒಳಗೆ ಹೋಗಿದೆ, ಆದರೂ ದರ ನಲ್ ಬರುತ್ತಿದೆ!

ಉತ್ತರ: ಸ್ಟಬ್‌ನಲ್ಲಿ (ಇದನ್ನು ಕೇಳಿದರೆ ಇದನ್ನು ಕೊಡು ಅಂತ ಮಾಕ್‌ಗೆ ಹೇಳಿಕೊಡುವ ಸಾಲಿನಲ್ಲಿ) ಕೊಟ್ಟ ಹೆಸರೂ ಕೋಡ್ ಕೇಳುವ ಹೆಸರೂ ಒಂದೇನಾ ನೋಡಿ. "ರಾಶಿ" ಅಂತ ಹೇಳಿಕೊಟ್ಟು, ಕೋಡ್ ಕೊನೆಗೊಂದು ಸ್ಪೇಸ್ ಸೇರಿಸಿ ಕೇಳಿದರೆ ಮಾಕ್‌ಗೆ ಅದು ಬೇರೆಯದೇ, ದರ ಬಿಗ್‌ಡೆಸಿಮಲ್ (ಜಾವಾದ ಒಂದು ದಶಮಾಂಶ ಸಂಖ್ಯೆಯ ಬಗೆ) ಆಗಿದ್ದರೆ ನಲ್ ಕೊಡುತ್ತದೆ. ಮೊಕಿಟೋ ಎಕ್ಸ್‌ಟೆನ್ಶನ್ ಹಾಕಿ ಓಡಿಸಿ. ಅದರಲ್ಲಿ ಸ್ಟ್ರಿಕ್ಟ್ ಸ್ಟಬ್ಸ್ ಎಂಬ ಕಟ್ಟುನಿಟ್ಟಿನ ತಪಾಸಣೆ ಮೊದಲೇ ಆನ್ ಇರುತ್ತದೆ, ಇಂಥದ್ದನ್ನು ಹಿಡಿದುಕೊಡುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮ್ಮದು ಬೇರೆಯವರ ಎಸ್‌ಎಂಎಸ್ ಲೈಬ್ರರಿ, ಕ್ಲಾಸ್ ಫೈನಲ್ (ಅದನ್ನು ವಿಸ್ತರಿಸಲು ಬರುವುದಿಲ್ಲ). ಮಾಕ್ ಆಗುವುದಿಲ್ಲ ಅಂತಿದೆ.

ಉತ್ತರ: ಹಳೇ ಮೊಕಿಟೋ ಇರಬೇಕು. 2023ರಲ್ಲಿ ಬಂದ 5ನೇ ಆವೃತ್ತಿಯಿಂದ ಫೈನಲ್ ಕ್ಲಾಸ್ ಕೂಡ ಬೇರೆ ಸೆಟ್ಟಿಂಗ್ ಇಲ್ಲದೆಯೇ ಮಾಕ್ ಆಗುತ್ತದೆ. ನಾನಾದರೆ ಅದನ್ನು ಮಾಕ್ ಮಾಡಲು ಹೋಗುವುದಿಲ್ಲ. ಒಂದೇ ಮೆಥಡ್‌ನ ನಮ್ಮದೇ ಇಂಟರ್‌ಫೇಸ್ ಮಾಡಿ, ಲೈಬ್ರರಿಯನ್ನು ಅದರ ಹಿಂದೆ ಇಡುತ್ತೇನೆ. ಟೆಸ್ಟ್‌ಗೆ, ಬಂದ ಮೆಸೇಜನ್ನೆಲ್ಲ ಲಿಸ್ಟ್‌ಗೆ ಹಾಕಿಕೊಳ್ಳುವ ಪುಟ್ಟ ಕ್ಲಾಸ್ ಸಾಕು. ಸ್ಪ್ರಿಂಗ್ ಒಳಗಿನ ಭಾಗವನ್ನೇ ಮಾಕ್‌ನಿಂದ ಬದಲಿಸುವ ಮಾಕ್‌ಬೀನ್ ಎಲ್ಲ ಕಡೆ ಹಾಕಿದ್ದರೆ ಅದನ್ನೂ ಕಡಿಮೆ ಮಾಡಿ, ಮಾಕ್‌ಗಳ ಪ್ರತಿ ಹೊಸ ಜೋಡಣೆಗೂ ಸ್ಪ್ರಿಂಗ್ ತನ್ನ ಇಡೀ ವ್ಯವಸ್ಥೆಯನ್ನು (ಕಾಂಟೆಕ್ಸ್ಟ್) ಮತ್ತೆ ಕಟ್ಟುತ್ತದೆ, ಟೆಸ್ಟ್ ಮುಗಿಯುವುದೇ ಇಲ್ಲ. ಬೂಟ್ 3.4ರಿಂದ ಅದರ ಬದಲು ಮೊಕಿಟೋಬೀನ್ ಬಳಸಿ ಅಂತಲೇ ಹೇಳುತ್ತಾರೆ.

ಪ್ರಶ್ನೆ (ಸಾಗರದಿಂದ): ಸ್ಪೇಸೇ ಸರ್! ಡ್ರಾಪ್‌ಡೌನ್‌ನಿಂದ ಬರುತ್ತಿತ್ತು. ಆದರೆ ಕನ್‌ಸ್ಟ್ರಕ್ಟರ್ ನೋಡಿದರೆ ಭಯ, ಏಳು ಆರ್ಗ್ಯುಮೆಂಟ್.

ಉತ್ತರ: ಮೊದಲೂ ಏಳೇ ಇತ್ತು ಮಾರಾಯ್ರೆ, ಈಗ ಕಾಣುತ್ತಿದೆ ಅಷ್ಟೇ. ಎಸ್‌ಎಂಎಸ್, ಪ್ರಿಂಟ್ ಎರಡನ್ನೂ ಬಿಲ್ ಕ್ಲಾಸ್‌ನಿಂದ ಹೊರಗೆ ತೆಗೆಯಿರಿ. ಆಮೇಲೆ ಎಷ್ಟು ಉಳಿಯಿತು ಹೇಳಿ, ಮುಂದಿನದು ನೋಡೋಣ.