ಸಹಾಯ ಬೇಕು: ಅಯ್ಯನಕೆರೆ ಸುತ್ತಲಿನ ಹಳೆಯ ಪಕ್ಷಿ ಸಮೀಕ್ಷೆಯ ದಾಖಲೆಗಳು

ಬಳಗದ ಎಲ್ಲರಿಗೂ ನಮಸ್ಕಾರ. ಸಖರಾಯಪಟ್ಟಣದ ಬಳಿ ಬೆಟ್ಟಗಳ ಬುಡದಲ್ಲಿರುವ ಅಯ್ಯನಕೆರೆ ಮತ್ತು ಬಾಬಾಬುಡನ್‌ಗಿರಿ ಸಾಲಿನ ಹಕ್ಕಿಗಳ ಬಗ್ಗೆ ಹಿಂದಿನವರು ಬರೆದಿಟ್ಟಿರುವುದನ್ನು ಹುಡುಕುತ್ತಿದ್ದೇನೆ. ಮೈಸೂರು ಸಂಸ್ಥಾನದಲ್ಲಿ 1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ನಡೆಸಿದ ಸಮೀಕ್ಷೆಯ ವರದಿಯು 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಗಳಾಗಿ ಪ್ರಕಟವಾಯಿತು. ಆಗ ಸಮೀಕ್ಷೆಯೆಂದರೆ ಬರೀ ನೋಡಿ ಎಣಿಸುವುದಲ್ಲ, ಹಕ್ಕಿಯನ್ನು ಕೋವಿಯಿಂದ ಹೊಡೆದು, ಚರ್ಮ ಸುಲಿದು, ಸ್ಥಳ ಮತ್ತು ತಾರೀಕು ಬರೆದ ಚೀಟಿ ಕಟ್ಟಿಡುವುದೂ ಆಗಿತ್ತು. ಇಂದು ಕೇಳಲು ಕಸಿವಿಸಿಯೆನಿಸಿದರೂ, ಯಾವ ಹಕ್ಕಿ ಎಲ್ಲಿತ್ತು ಎಂಬುದಕ್ಕೆ ಆ ಚೀಟಿಗಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ. ಆ ಸಂಚಿಕೆಗಳಾಗಲಿ, ಹಳೆಯ ಕಾಫಿ ತೋಟದ ಮನೆಗಳಲ್ಲಿ ಉಳಿದಿರಬಹುದಾದ ಶಿಕಾರಿಯ ದಿನಚರಿಗಳಾಗಲಿ ತಮ್ಮಲ್ಲಿದ್ದರೆ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಊರುಗಳ ಹೆಸರಿರುವ ಪುಟಗಳ ಫೋಟೊ ತೆಗೆದು ದಯವಿಟ್ಟು ಕಳುಹಿಸಿಕೊಡಿ. ಹಿರಿಯರು ಹೇಳುವ ಸ್ಥಳೀಯ ಹೆಸರುಗಳನ್ನೂ ಬರೆದರೆ ಉಪಕಾರವಾಗುತ್ತದೆ.